ಒಂದು ಶಾಲೆ, ಮೂರು ಕಟ್ಟಡ: ರಾಯಚೂರು ಜಿಲ್ಲೆಯ ಹಳೇ ಹೈಸ್ಕೂಲೊಂದರ ಪ್ರಕರಣ

ರಾಯಚೂರು ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದ ಸರ್ಕಾರಿ ಹೈಸ್ಕೂಲಿನ ಪ್ರಕರಣ ಇದು. ಊರಿನ ಹೆಸರು ಹೇಳುವುದಿಲ್ಲ, ಜನರ ಹೆಸರೂ ಇಲ್ಲ. ಗುರುತು ಸಿಗಬಾರದು ಅಂತ ಬಾಗಿಲ ಮೇಲಿನ ಕಲ್ಲಿನಲ್ಲಿದ್ದ ವರ್ಷವನ್ನೂ ಸ್ವಲ್ಪ ಆಚೀಚೆ ಮಾಡಿದ್ದೇನೆ. ಲೆಕ್ಕ ಹಾಕುವ ರೀತಿ ಮಾತ್ರ ಇದ್ದ ಹಾಗೇ ಇದೆ. ನಾನು ಅಲ್ಲೇ ಓದಿದವನು. ಕಟ್ಟಡ ಕೆಲಸದ ಎಸ್ಟಿಮೇಟ್ ಬರೆಯುವುದು ನನ್ನ ಉದ್ಯೋಗ. ಹಳೆ ವಿದ್ಯಾರ್ಥಿಗಳ ಸಂಘದವರು ಕರೆದಾಗ ಹೋಗಿದ್ದು ಆ ಕಾರಣಕ್ಕೆ.

ಹಿನ್ನೆಲೆ

1948ರ ಸೆಪ್ಟೆಂಬರ್ 17ರವರೆಗೆ ರಾಯಚೂರು, ಕೊಪ್ಪಳ ಎರಡೂ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ತುಂಗಭದ್ರೆಯ ಆಚೆಗಿನ ಬಳ್ಳಾರಿ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಆ ಗಡಿ ಹೋಗಿ ಎಷ್ಟೋ ವರ್ಷವಾದರೂ ಹಳೇ ಕಟ್ಟಡಗಳ ಸೂರಿನಲ್ಲಿ ಇನ್ನೂ ಕಾಣುತ್ತದೆ. ಬಳ್ಳಾರಿ ಕಡೆ ಮದ್ರಾಸ್ ತಾರಸಿ ಹೆಚ್ಚು: ತೇಗದ ತೊಲೆ, ಅದರ ಮೇಲೆ ಓರೆಯಾಗಿ ನಿಲ್ಲಿಸಿದ ತೆಳು ಇಟ್ಟಿಗೆ, ಮೇಲೆ ಬಡಿದು ಕೂರಿಸಿದ ಸುಣ್ಣದ ಗಚ್ಚು. ನಮ್ಮ ಕಡೆ ಅದೇ ಕಾಲದ ಸರ್ಕಾರಿ ಕಟ್ಟಡಗಳಲ್ಲಿ ಜಾಕ್ ಆರ್ಚ್ ಜಾಸ್ತಿ. ಮೂರು ನಾಲ್ಕು ಅಡಿಗೊಂದು ಕಬ್ಬಿಣದ ತೊಲೆ, ಎರಡು ತೊಲೆಗಳ ನಡುವೆ ತುಸು ಬಾಗಿದ ಇಟ್ಟಿಗೆ ಕಮಾನು. 1871ರಲ್ಲಿ ಮುಂಬಯಿಯಿಂದ ಬಂದ ರೈಲು ದಾರಿಯೂ ಮದ್ರಾಸಿನಿಂದ ಬಂದ ದಾರಿಯೂ ರಾಯಚೂರಿನಲ್ಲೇ ಕೂಡಿದವು. ಅಷ್ಟು ಭಾರದ ಕಬ್ಬಿಣ ಈ ಕಡೆ ಬರುವುದು ಆಮೇಲೆ ಸಲೀಸಾಯಿತು.

ನಿಜಾಮರ ಕಾಲದಲ್ಲಿ ಪ್ರೈಮರಿ ಶಾಲೆ ತಹತಾನಿಯಾ, ಮಿಡ್ಲ್ ಸ್ಕೂಲು ವಸ್ತಾನಿಯಾ, ಹೈಸ್ಕೂಲು ಫೌಕಾನಿಯಾ. ಮೇಲಿನ ತರಗತಿಗಳ ಪಾಠ ಉರ್ದುವಿನಲ್ಲಿ. 1918ರಲ್ಲಿ ಶುರುವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಪಾಠವೂ ಉರ್ದುವಿನಲ್ಲೇ ಆದಾಗ ಹೈಸ್ಕೂಲುಗಳೂ ಆ ಹಾದಿಗೇ ಮಕ್ಕಳನ್ನು ತಯಾರು ಮಾಡಿದವು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಉರ್ದು. ನಮ್ಮ ಅಜ್ಜಂದಿರ ಕಾಲದ ಎಷ್ಟೋ ಜನ ಗಣಿತವನ್ನು ಉರ್ದುವಿನಲ್ಲಿ ಕಲಿತು, ಲೇವಾದೇವಿ ಲೆಕ್ಕವನ್ನು ಕನ್ನಡದಲ್ಲಿ ಬರೆದವರು.

ಈ ಶಾಲೆಯೂ ಹಾಗೇ ಬೆಳೆದದ್ದು. ಮುಂದೆ ಕಮಾನಿನ ಪಡಸಾಲೆ, ನಡುವೆ ಎತ್ತರದ ಬಾಗಿಲು, ಬಾಗಿಲ ಮೇಲೆ ಉರ್ದು ಬರಹದ ಕಲ್ಲು. ಪಡಸಾಲೆಯ ಕಮಾನುಗಳು ತುದಿಯಲ್ಲಿ ಸ್ವಲ್ಪ ಚೂಪು. ಆ ಕಾಲದಲ್ಲಿ ಹೈದರಾಬಾದಿನಲ್ಲಿ ಎದ್ದ ದೊಡ್ಡ ಕಟ್ಟಡಗಳ ನೆರಳು ಇಲ್ಲಿ ಕಾಣುತ್ತದೆ. ವಿನ್ಸೆಂಟ್ ಎಶ್ ನಕ್ಷೆ ಮಾಡಿದ ಸಿಟಿ ಕಾಲೇಜು ಮೊದಲು ಹೈಸ್ಕೂಲೇ ಆಗಿತ್ತು. ಅದರ ಗುಮ್ಮಟ, ಮಿನಾರು ತಾಲ್ಲೂಕಿಗೆ ಬರಲಿಲ್ಲ, ಕಮಾನು ಮಾತ್ರ ಬಂತು. ಗೋಡೆ ಎರಡಡಿ ದಪ್ಪ, ಒರಟು ಕಲ್ಲು ಮತ್ತು ಸುಣ್ಣದ ಗಾರೆ. ನೆಲಕ್ಕೆ ಶಹಾಬಾದ್ ಫರಸಿ. ಸೂರಿನ ಹತ್ತಿರ ಗಾಳಿಕಿಂಡಿ ಸಾಲು. ಏಪ್ರಿಲ್‌ನಲ್ಲಿ ಹೊರಗೆ 41 ಡಿಗ್ರಿ ಇದ್ದರೂ ಒಳಗೆ ಕೂತು ಪರೀಕ್ಷೆ ಬರೆಯಬಹುದಾದ ಕೊಠಡಿಗಳು.

ಈ ಮುಂಭಾಗದ ಹಿಂದೆ ಒಂದು ಅಂಗಳ. ಅಂಗಳದಾಚೆ ಇನ್ನೊಂದು ಸಾಲು ಕೊಠಡಿ. ಪಕ್ಕಕ್ಕೆ ಮತ್ತೊಂದು ಸಾಲು. ಎಲ್ಲಕ್ಕೂ ಒಂದೇ ಹಳದಿ ಬಣ್ಣ ಬಳಿದಿದ್ದರು. ಅದೇ ಮುಂದೆ ತೊಂದರೆಯ ಮೂಲವಾಯಿತು. ಒಂದೇ ಬಣ್ಣ ಇದ್ದದ್ದಕ್ಕೆ ಎಲ್ಲರೂ ಅದನ್ನು ಒಂದೇ ಕಟ್ಟಡ ಅಂದುಕೊಂಡಿದ್ದರು.

ಸಮಸ್ಯೆ

ಪಕ್ಕದ ಸಾಲಿನ ಒಂದು ಕೊಠಡಿಯಲ್ಲಿ ಸೂರಿನ ಕಾಂಕ್ರೀಟ್ ಚೂರು ಬಿತ್ತು. ರಜೆಯ ದಿನ, ಯಾರಿಗೂ ಏನೂ ಆಗಲಿಲ್ಲ. ಫೋಟೋ ಮೇಲಕ್ಕೆ ಹೋಯಿತು. ಕೆಲವು ವಾರಗಳಲ್ಲಿ ಶಾಲೆಯ ಕಡತಕ್ಕೆ ಒಂದು ಸಾಲು ಸೇರಿತು: ಕಟ್ಟಡ ಶಿಥಿಲವಾಗಿದ್ದು ಬಳಕೆಗೆ ಯೋಗ್ಯವಲ್ಲ, ತೆರವು ಮಾಡಬಹುದು. ಯಾವ ಕೊಠಡಿ ಎಂದು ಅದರಲ್ಲಿ ಇರಲಿಲ್ಲ.

ಅದೇ ಹೊತ್ತಿಗೆ ಹೊಸ ಕೊಠಡಿಗಳಿಗೆ ಅನುದಾನ ಬರುವ ಸೂಚನೆ ಸಿಕ್ಕಿತು. ಈ ಭಾಗದ ಜಿಲ್ಲೆಗಳಿಗೆ ವಿಶೇಷ ಸೌಲಭ್ಯ, ಮೀಸಲಾತಿ ಕೊಡುವ ಸಂವಿಧಾನದ 371(ಜೆ) ವಿಧಿ ಜಾರಿಯಾದ ಮೇಲೆ ನಮ್ಮ ಭಾಗಕ್ಕೆ ಪ್ರದೇಶಾಭಿವೃದ್ಧಿ ಮಂಡಳಿಯ ಹಣ ಬರುತ್ತದೆ. ಅದು ಬೇಡ ಅನ್ನುವವರು ಯಾರಿದ್ದಾರೆ? ಮಕ್ಕಳು ಜಾಸ್ತಿ, ಕೊಠಡಿ ಕಡಿಮೆ. ಹೆಡ್‌ಮಾಸ್ಟರ್ ಹೇಳಿದ್ದು ನ್ಯಾಯವೇ: "ನನಗ ಮಕ್ಕಳನ್ನ ಕೂಡ್ಸಾಕ ಜಾಗ ಬೇಕ್ರಿ. ಇತಿಹಾಸ ನೀವು ನೋಡ್ಕೋರಿ."

ಹಳೆ ವಿದ್ಯಾರ್ಥಿಗಳಲ್ಲಿ ಎರಡು ಗುಂಪಾಯಿತು. ಕೆಡವಿ ಹೊಸದು ಕಟ್ಟಲಿ ಅನ್ನುವವರು ಊರಲ್ಲೇ ಇರುವವರು, ಮಕ್ಕಳು ಮೊಮ್ಮಕ್ಕಳು ಅಲ್ಲೇ ಓದುವವರು. ಉಳಿಸಬೇಕು ಅನ್ನುವವರು ಹೆಚ್ಚಾಗಿ ಬೆಂಗಳೂರು, ಹೈದರಾಬಾದಿನಲ್ಲಿ ಇರುವವರು. ಇದನ್ನು ಮುಚ್ಚಿಟ್ಟು ಬರೆದರೆ ಪ್ರಕರಣ ಅರ್ಥವಾಗುವುದಿಲ್ಲ. ಉಳಿಸುವವರ ಮಾತಿಗೆ ಊರಲ್ಲಿ ಮೊದಮೊದಲು ಬೆಲೆ ಸಿಗದಿದ್ದದ್ದು ಇದಕ್ಕೇ.

ಮೊದಲ ದಾರಿ: ವರ್ಷದ ಬಲ

ಉಳಿಸುವ ಗುಂಪಿನ ಕೈಯಲ್ಲಿ ಇದ್ದ ದೊಡ್ಡ ಆಧಾರ ಗೇಟಿನ ಬೋರ್ಡು. ಅದರಲ್ಲಿ 'ಸ್ಥಾಪನೆ 1917' ಅಂತಿತ್ತು. ಕರ್ನಾಟಕದ 1961ರ ಸ್ಮಾರಕಗಳ ಕಾಯ್ದೆ ಕನಿಷ್ಠ 100 ವರ್ಷ ಆಗಿರುವ ಕಟ್ಟಡದ ಮಾತಾಡುತ್ತದೆ. 1917 ಆದರೆ ನೂರು ದಾಟಿದೆ. ಅರ್ಜಿ ಸಿದ್ಧವಾಯಿತು. ತಮಾಷೆ ಅಂದರೆ, ಕೆಡವುವವರ ಮನವಿಯಲ್ಲೂ ಇದೇ ವರ್ಷ ಇತ್ತು. ನೂರು ವರ್ಷ ಹಳೆಯದು, ಆಯಸ್ಸು ಮುಗಿದಿದೆ ಅಂತ ಅವರ ವಾದ.

1917 ಎಲ್ಲಿಂದ ಬಂತು? ಬಾಗಿಲ ಮೇಲಿನ ಕಲ್ಲಿನಿಂದ. ಅದರಲ್ಲಿ ಉರ್ದು ಅಂಕಿಗಳಲ್ಲಿ 1335 ಇದೆ. ಹಿಂದೆ ಯಾರೋ ಅದನ್ನು ಹಿಜರಿ, ಅಂದರೆ ಮುಸ್ಲಿಂ ಪಂಚಾಂಗದ ವರ್ಷ ಅಂದುಕೊಂಡು ಲೆಕ್ಕ ಹಾಕಿದ್ದರು. ಹಿಜರಿ 1335 ಅಂದರೆ 1916ರ ಕೊನೆಯಿಂದ 1917ರ ಅಕ್ಟೋಬರ್‌ವರೆಗೆ. ಲೆಕ್ಕ ಸರಿ ಇತ್ತು.

ಅನುಮಾನ ಬಂದದ್ದು ಕಲ್ಲಿನಿಂದಲ್ಲ, ದಾಖಲಾತಿ ರಿಜಿಸ್ಟರಿನಿಂದ. 371(ಜೆ) ಬಂದ ಮೇಲೆ ತಂದೆ, ಅಜ್ಜ ಇಲ್ಲೇ ಓದಿದ ದಾಖಲೆ ಕೇಳಿಕೊಂಡು ಬರುವವರು ಜಾಸ್ತಿಯಾಗಿದ್ದರು. ಹಾಗಾಗಿ ಗುಮಾಸ್ತರು ಹಳೇ ರಿಜಿಸ್ಟರುಗಳನ್ನು ಬೀರುವಿನ ಮೇಲಿಂದ ಇಳಿಸಿ ಬಟ್ಟೆಯಲ್ಲಿ ಕಟ್ಟಿ ಇಟ್ಟಿದ್ದರು. ಮೊದಲ ರಿಜಿಸ್ಟರು ಉರ್ದುವಿನಲ್ಲಿದೆ. ಊರಿನ ನಿವೃತ್ತ ಉರ್ದು ಮೇಷ್ಟ್ರು ಬಂದು ಓದಿದರು. ಮೊದಲ ಪುಟದ ವರ್ಷ 1336. ತಿಂಗಳ ಹೆಸರು ಓದುವಾಗ ಅವರು ನಿಂತರು. ಆಜುರ್, ದೈ, ಬಹಮನ್. ಹಿಜರಿಯಲ್ಲಿ ಬರುವುದು ಮೊಹರಂ, ಸಫರ್. ಇವು ಬೇರೆ.

ಇದು ಫಸಲಿ. ನಿಜಾಮರ ಸರ್ಕಾರ ಕಂದಾಯಕ್ಕೆ, ಕಚೇರಿ ಕೆಲಸಕ್ಕೆ ಬಳಸುತ್ತಿದ್ದ ಸೌರ ವರ್ಷ. ಅಕ್ಟೋಬರ್ ಮೊದಲ ವಾರದಲ್ಲಿ ಆಜುರ್ ತಿಂಗಳಿಂದ ಶುರು. ಹಿಜರಿ ವರ್ಷ ಚಂದ್ರನ ಲೆಕ್ಕ, ಸುಮಾರು 354 ದಿನ. ಅದಕ್ಕೇ ಇಂಗ್ಲಿಷ್ ವರ್ಷಕ್ಕೂ ಅದಕ್ಕೂ ನಡುವಿನ ಅಂತರ ವರ್ಷವರ್ಷ ಬದಲಾಗುತ್ತದೆ. ಫಸಲಿಗೆ ಆ ತಾಪತ್ರಯ ಇಲ್ಲ. 590 ಕೂಡಿಸಿ, ಜನವರಿ 1 ಬಂದ ಮೇಲಿನ ತಿಂಗಳಾದರೆ 591. ರಿಜಿಸ್ಟರಿನ 1336 ಅಂದರೆ 1926ರ ಅಕ್ಟೋಬರ್‌ನಿಂದ ಮುಂದಿನ ವರ್ಷ.

ಹಾಗಾದರೆ ಕಲ್ಲಿನ 1335? ಮೇಷ್ಟ್ರು ಏಣಿ ತರಿಸಿದರು. ಆ ಕಲ್ಲಿಗೆ ಪ್ರತಿ ವರ್ಷ ಗೋಡೆಯ ಜೊತೆಗೇ ಸುಣ್ಣ ಬಳಿದು ಅಕ್ಷರಗಳ ಗುಂಡಿ ತುಂಬಿಹೋಗಿತ್ತು. ಅಂಕಿಗಳಿಗೆ ಮಾತ್ರ ಯಾರೋ ಕಪ್ಪು ಬಣ್ಣ ತುಂಬಿದ್ದರು. ಅಂಕಿಯ ಎಡಕ್ಕೆ ಒಂದು ಉಬ್ಬು ಇತ್ತು. ನೀರು ಚಿಮುಕಿಸಿ, ಬಿದಿರು ಕಡ್ಡಿಯಿಂದ ಪದರ ಪದರವಾಗಿ ಸುಣ್ಣ ಬಿಡಿಸಿದರು. ಮೇಲೆ ಹಳದಿ, ಕೆಳಗೆ ನೀಲಿ, ಅದರ ಕೆಳಗೆ ಬಿಳಿ, ಆಮೇಲೆ ಕಲ್ಲು. ಒಂದು ಸಣ್ಣ ತಲೆ, ಅದರ ಮೇಲೆ ಒಂದು ಚುಕ್ಕೆ, ಎಡಕ್ಕೆ ಚಾಚಿದ ಬಾಲ. "ಫೇ ಐತಿ ನೋಡ್ರಿ ಸರ್. ಹೇ ಅಲ್ಲ," ಅಂದರು. ಹೈದರಾಬಾದಿನ ಕಾಗದಗಳಲ್ಲಿ ವರ್ಷದ ಪಕ್ಕ 'ಹೇ' ಇದ್ದರೆ ಹಿಜರಿ, 'ಫೇ' ಇದ್ದರೆ ಫಸಲಿ. ಅಲ್ಲಿಗೆ ಕಟ್ಟಡ 1925-26ರದ್ದು ಎಂದಾಯಿತು. ನೂರು ತುಂಬಲು ಆಗ ಇನ್ನೂ ವರ್ಷಗಳು ಬಾಕಿ ಇದ್ದವು.

ತಿರುವು

ಏಣಿಯ ಕೆಳಗೆ ನಿಂತಿದ್ದವರು ನಾಲ್ಕೈದು ಜನ. ಅರ್ಜಿ ಇನ್ನೂ ಹೋಗಿರಲಿಲ್ಲ. ಒಬ್ಬರು ಅಂದದ್ದು: "ಮತ್ತ ಸುಣ್ಣ ಹಚ್ಚಿಬಿಡ್ರಿ. ಯಾರ್ ನೋಡ್ಯಾರ?" ತಮಾಷೆಗೆ ಅಂದಿದ್ದಲ್ಲ. ನಮ್ಮ ಹತ್ತಿರ ಇದ್ದ ಕಾನೂನಿನ ಏಕೈಕ ಆಧಾರ ಆ ಚುಕ್ಕೆಯಿಂದ ಹೋಗಿಬಿಟ್ಟಿತ್ತು. ಬೋರ್ಡಿನಲ್ಲಿ 1917 ಇದ್ದೇ ಇದೆ, ಸರ್ಕಾರದ ಶಾಲೆಯೇ ಬರೆಸಿದ್ದು, ನಾವು ಸುಳ್ಳು ಹೇಳಿದ ಹಾಗೂ ಆಗುವುದಿಲ್ಲ.

ಸಂಜೆ ಸಂಘದ ಸಭೆಯಲ್ಲಿ ಇದೇ ಚರ್ಚೆ. ಅಲ್ಲಿ ಕೆಲಸಕ್ಕೆ ಬಂದದ್ದು ನೀತಿಯ ಮಾತಲ್ಲ, ಲೆಕ್ಕದ ಮಾತು. ಎದುರು ಗುಂಪಿನ ಕೈಯಲ್ಲೂ ರಿಜಿಸ್ಟರು ಇದೆ. ಉರ್ದು ಓದುವವರು ಊರಲ್ಲಿ ಸಾಕಷ್ಟು ಜನ ಇದ್ದಾರೆ. ಇವತ್ತಲ್ಲ ನಾಳೆ ಯಾರಾದರೂ ಎತ್ತಿ ತೋರಿಸಿದರೆ ಅಲ್ಲಿಂದ ಮುಂದೆ ನಾವು ಹೇಳುವ ಯಾವ ಮಾತನ್ನೂ ಯಾರೂ ನಂಬುವುದಿಲ್ಲ. ಉರ್ದು ಮೇಷ್ಟ್ರಂತೂ ಸ್ಪಷ್ಟವಾಗಿ ಹೇಳಿದರು, ತಾನು ಓದಿದ್ದನ್ನು ತಪ್ಪಾಗಿ ಬರೆದರೆ ಸಹಿ ಹಾಕುವುದಿಲ್ಲ ಅಂತ. ಅರ್ಜಿ ಕೈಬಿಟ್ಟರು. ಸರಿಯಾದ ವರ್ಷವನ್ನು ತಾವೇ ಹೆಡ್‌ಮಾಸ್ಟರಿಗೆ ಬರೆದು ಕೊಟ್ಟರು.

ನನ್ನ ಪ್ರಕಾರ ಇಡೀ ಪ್ರಕರಣದ ಗಂಟು ಇದೇ. ಅರ್ಜಿ ಹೋಗಿದ್ದರೂ ಅದರಿಂದ ಏನೂ ಗಿಟ್ಟುತ್ತಿರಲಿಲ್ಲ ಅನ್ನಿಸುತ್ತದೆ. ನೂರು ದಾಟಿದ ಮಾತ್ರಕ್ಕೆ ಸ್ಮಾರಕ ಆಗುವುದಿಲ್ಲ. ಆದರೆ ಅದರ ನೆಪದಲ್ಲಿ ಎರಡು ಮೂರು ಮಳೆಗಾಲ ಕಳೆಯುತ್ತಿತ್ತು. ವರ್ಷದ ಜಗಳ ಬಿಟ್ಟಾಗ ಎಲ್ಲರೂ ಗೋಡೆ ನೋಡಲು ಶುರು ಮಾಡಿದರು. ತಮ್ಮ ವಿರುದ್ಧದ ಸಾಕ್ಷಿಯನ್ನು ತಾವೇ ತಂದುಕೊಟ್ಟವರು ಅಂತ ಹೆಡ್‌ಮಾಸ್ಟರಿಗೂ ಈ ಗುಂಪಿನ ಮೇಲೆ ನಂಬಿಕೆ ಬಂತು. "ಹಂಗಾದ್ರ ಎಂಜಿನಿಯರ್‌ನ ಕರಸ್ತೀನಿ, ನೀವೂ ಬರ್ರಿ," ಅಂದದ್ದು ಆಗಲೇ.

ಕೊಠಡಿ ಕೊಠಡಿಯಾಗಿ

ಲೋಕೋಪಯೋಗಿ ಇಲಾಖೆಯ ಎಂಜಿನಿಯರ್ ಒಳ್ಳೆಯವರು ಸಿಕ್ಕರು. ನಾವು ಕೇಳಿದ್ದು ಒಂದೇ: ಇಡೀ ಆವರಣಕ್ಕೆ ಒಂದು ಸಾಲು ಬರೆಯುವ ಬದಲು ಪ್ರತಿ ಸಾಲಿನಲ್ಲೂ ಒಂದು ಕಡೆ ಗಿಲಾವು ತೆಗೆದು ನೋಡೋಣ. ತೆಗೆದಾಗ ಒಂದೇ ಹಳದಿ ಬಣ್ಣದ ಕೆಳಗೆ ಮೂರು ಬೇರೆ ಬೇರೆ ಕಟ್ಟಡ ಸಿಕ್ಕವು.

ಪಕ್ಕದ ಸಾಲು ಎಲ್ಲಕ್ಕಿಂತ ಹೊಸದು. ಇಟ್ಟಿಗೆ ಗೋಡೆ, ಸಿಮೆಂಟು, ಆರ್‌ಸಿಸಿ ಸ್ಲ್ಯಾಬ್. ಕರ್ನಾಟಕ ಸೇರಿದ 1956ರ ನಂತರದ್ದು ಅನ್ನುವುದು ರಿಜಿಸ್ಟರಿನ ತರಗತಿ ಲೆಕ್ಕದಿಂದಲೂ ಹೊಂದುತ್ತಿತ್ತು. ಇದರ ಪಾಯ ಎರೆ ಮಣ್ಣಿನಲ್ಲಿ ಸಾಕಷ್ಟು ಆಳಕ್ಕೆ ಹೋಗಿರಲಿಲ್ಲ. ಎರೆ ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಗೋಡೆಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಸೀಳು. ಸ್ಲ್ಯಾಬಿನ ಸರಳು ತುಕ್ಕು ಹಿಡಿದು ಕಾಂಕ್ರೀಟನ್ನು ಹೊರಗೆ ತಳ್ಳಿತ್ತು. ಶಿಥಿಲ ಅನ್ನುವ ಮಾತಿಗೆ ಕಾರಣವಾದ ಚೂರು ಬಿದ್ದದ್ದು ಇಲ್ಲೇ. ಅಂದರೆ ಹೊಸ ಕಟ್ಟಡದ ರೋಗವನ್ನು ಹಳೇ ಕಟ್ಟಡದ ಲೆಕ್ಕಕ್ಕೆ ಬರೆದಿದ್ದರು.

ಅಂಗಳದಾಚೆಯ ಸಾಲು ನಮಗೆ ಆಶ್ಚರ್ಯ ತಂದದ್ದು. ಗಿಲಾವಿನ ಕೆಳಗೆ ಸುಣ್ಣದ ಗಾರೆ ಇರಲಿಲ್ಲ. ಕಲ್ಲು ಮತ್ತು ಕೆಸರು. ಸೂರು ನಮ್ಮ ಕಡೆಯ ಮಾಳಿಗೆ: ಮರದ ತೊಲೆ, ಜಂತಿ, ಮೇಲೆ ಮಣ್ಣು. ಬೆಳಕಿಂಡಿಯ ಗುರುತು ಕೂಡ ಇತ್ತು, ಮುಚ್ಚಿದ್ದರು. ಬಾಗಿಲುಗಳು ಶಾಲೆಯ ಬಾಗಿಲಿನಷ್ಟು ಎತ್ತರ ಇಲ್ಲ. ಯಾರದೋ ಮನೆಯೋ ಚಾವಡಿಯೋ ಆಗಿದ್ದದ್ದು, ಮುಂದಿನ ಕಟ್ಟಡ ಏಳುವ ಮೊದಲೇ ಇಲ್ಲಿತ್ತು. ಅಂಗಳದ ಕಡೆಗೆ ಮುಂಭಾಗದ ಗೋಡೆ ಇದರ ಗೋಡೆಗೆ ಬಂದು ತಾಗುತ್ತದೆಯೇ ಹೊರತು ಕಲ್ಲು ಕಲ್ಲು ಬೆಸೆದುಕೊಂಡಿಲ್ಲ. ಯಾವುದು ಮೊದಲು, ಯಾವುದು ಆಮೇಲೆ ಅಂತ ತಿಳಿಯಲು ಇಂಥ ಮೂಲೆಗಳನ್ನು ನೋಡಬೇಕು.

ಈ ಸಾಲಿನ ಗೋಡೆಯ ಬುಡ ಮೂರು ನಾಲ್ಕು ಅಡಿ ಎತ್ತರದವರೆಗೆ ಪುಡಿಯಾಗಿತ್ತು. ಬಿಳಿ ಉಪ್ಪು. ಊರು ತುಂಗಭದ್ರಾ ಎಡದಂಡೆ ಕಾಲುವೆಯ ಅಚ್ಚುಕಟ್ಟಿನಲ್ಲಿದೆ. 1950ರ ದಶಕದಲ್ಲಿ ಕಾಲುವೆ ನೀರು ಬಂದ ಮೇಲೆ ಭತ್ತ ಬಂತು, ಜೊತೆಗೆ ಅಂತರ್ಜಲ ಮೇಲೆದ್ದು ಕೆಲವು ಕಡೆ ಹೊಲ ಸವಳಾಯಿತು. ಸವಳು ಹೊಲಕ್ಕೆ ಮಾತ್ರ ಬರುತ್ತದೆ ಅಂದುಕೊಂಡಿರುತ್ತೇವೆ. ಗೋಡೆ ಕೂಡ ನೆಲದ ನೀರು ಹೀರುತ್ತದೆ, ನೀರು ಆರಿ ಉಪ್ಪು ಉಳಿಯುತ್ತದೆ, ಉಪ್ಪು ಹರಳಾಗುವಾಗ ಕಲ್ಲಿನ ಮುಖವನ್ನೇ ಎಬ್ಬಿಸುತ್ತದೆ. ಈ ಗೋಡೆ ಕಟ್ಟಿದವರಿಗೆ ಆ ನೀರೇ ಗೊತ್ತಿರಲಿಲ್ಲ.

ಮುಂಭಾಗದ ಗೋಡೆಗಳು ಗಟ್ಟಿ. ಬುಡದಲ್ಲಿ ಅಲ್ಲೂ ಉಪ್ಪು ಇತ್ತು. ಅದಕ್ಕೆ ಒಂದು ಕಾರಣ, ಹಿಂದೊಮ್ಮೆ ದುರಸ್ತಿ ಅಂತ ಸುಣ್ಣದ ಗಿಲಾವು ಕಿತ್ತು ಸಿಮೆಂಟು ಹೊಡೆದದ್ದು. ಸುಣ್ಣದ ಮೂಲಕ ತೇವ ಆರಿಹೋಗುತ್ತಿತ್ತು. ಸಿಮೆಂಟು ಅದನ್ನು ಒಳಗೇ ಹಿಡಿದಿಟ್ಟಿತು, ತೇವ ಇನ್ನೂ ಮೇಲಕ್ಕೆ ಹತ್ತಿತು. ಸೂರಿನದೂ ಇದೇ ಕಥೆ. ಹಳೇ ಗಚ್ಚಿನ ಮೇಲೆ ಸೋರಿಕೆ ತಡೆಯಲು ಹಾಕಿದ ಸಿಮೆಂಟು ಪದರ ಬಿಸಿಲಿಗೆ ಬಿರಿದಿತ್ತು. ಬಿರುಕಿನಲ್ಲಿ ಇಳಿದ ನೀರು ಹೊರಗೆ ಬರಲಾಗದೆ ಕಬ್ಬಿಣದ ತೊಲೆಯ ಮೇಲೆ ನಿಂತಿತ್ತು. ತುಕ್ಕು ಹಿಡಿದ ಕಬ್ಬಿಣ ಉಬ್ಬುತ್ತದೆ, ಪಕ್ಕದ ಇಟ್ಟಿಗೆಯನ್ನು ದೂಡುತ್ತದೆ.

ಗಾರೆ ಕೆಲಸ ಗೊತ್ತಿದ್ದ ಒಬ್ಬ ವಯಸ್ಸಾದ ಮೇಸ್ತ್ರಿಯನ್ನು ಹುಡುಕಿ ಕರೆತಂದಿದ್ದರು. ನಾವೆಲ್ಲ ಕೆಳಗೆ ನಿಂತು ಸೂರು ನೋಡುತ್ತಿದ್ದರೆ ಅವರು ನೇರ ಮಾಳಿಗೆ ಹತ್ತಿದರು. "ನೀರ್ ಹೋಗೋ ದಾರಿ ಮೊದ್ಲು ನೋಡ್ರಿ ಸಾಹೇಬ್ರ, ಗ್ವಾಡಿ ಆಮ್ಯಾಗ ನೋಡಾಮು." ಹಿಂದಿನ ಅಂಚಿನಲ್ಲಿ ಮಳೆನೀರು ಹೊರಹೋಗುವ ಕಲ್ಲಿನ ದೋಣಿಗಳಲ್ಲಿ ಹೆಚ್ಚಿನವು ಅರಳಿ ಬೇರು, ಪಾರಿವಾಳದ ಗೂಡಿನಿಂದ ಮುಚ್ಚಿಹೋಗಿದ್ದವು. ಒಂದರಲ್ಲಿ ಕ್ರಿಕೆಟ್ ಚೆಂಡು ಸಿಕ್ಕಿತು.

ಏನಾಯಿತು

ತೀರ್ಮಾನ ಹೀಗೆ ಬಂತು. ಪಕ್ಕದ ಆರ್‌ಸಿಸಿ ಸಾಲು ಕೆಡವಿ ಅದೇ ಜಾಗದಲ್ಲಿ, ಎರೆ ಮಣ್ಣಿಗೆ ತಕ್ಕ ಪಾಯ ಹಾಕಿ, ಅನುದಾನದಲ್ಲಿ ಹೊಸ ಕೊಠಡಿ. ಮುಂಭಾಗ ಉಳಿಸುವುದು. ಹಿಂದಿನ ಮಣ್ಣಿನ ಮಾಳಿಗೆ ಸಾಲು ಕೆಡವುವುದು.

ಕೊನೆಯದು ನನಗೆ ಇವತ್ತಿಗೂ ಪೂರ್ತಿ ಒಪ್ಪಿಗೆಯಿಲ್ಲ. ಇಡೀ ಆವರಣದಲ್ಲಿ ಅತಿ ಹಳೆಯದು ಅದೇ. ಕಮಾನು ಇಲ್ಲ, ಕಲ್ಲಿನ ಬರಹ ಇಲ್ಲ ಅಂತ ಅದರ ಪರವಾಗಿ ಮಾತಾಡುವವರೇ ಇರಲಿಲ್ಲ. ಬೆಂಗಳೂರಿನಿಂದ ಬಂದು ಉಳಿಸಿ ಅಂದವರೂ ಅದನ್ನು ಕಣ್ಣೆತ್ತಿ ನೋಡಲಿಲ್ಲ. ಗೋಡೆಯ ಬುಡ ನೋಡಿದರೆ ಎಂಜಿನಿಯರ್ ಹೇಳಿದ್ದು ಸರಿ, ಮಕ್ಕಳನ್ನು ಅಲ್ಲಿ ಕೂರಿಸಲಾಗುತ್ತಿರಲಿಲ್ಲ. ಕೆಡವುವ ಮೊದಲು ಅಳತೆ ತೆಗೆದು ನಕ್ಷೆ ಮಾಡಿ, ಪ್ರತಿ ಕೊಠಡಿಯ ಫೋಟೋ ತೆಗೆದು ಶಾಲೆಯ ಕಡತಕ್ಕೆ ಸೇರಿಸಿದೆವು. ಎರಡು ಒಳ್ಳೆಯ ತೊಲೆ ಈಗ ಗ್ರಂಥಾಲಯದ ಬೆಂಚುಗಳಾಗಿವೆ.

ಮುಂಭಾಗದ ಕೆಲಸಕ್ಕೆ ಹಣ ಹೊಂದಿಸುವುದು ಕಷ್ಟವಾಯಿತು. ಸುಣ್ಣದ ಕೆಲಸಕ್ಕೆ ಸರ್ಕಾರಿ ದರಪಟ್ಟಿಯಲ್ಲಿದ್ದ ದರಕ್ಕೆ ಗುತ್ತಿಗೆದಾರರು ಬರಲಿಲ್ಲ. ಸಂಘವೇ ಚಂದಾ ಎತ್ತಿತು. ಸುಣ್ಣ ಅರಳಿಸಿ ವಾರಗಟ್ಟಲೆ ತೊಟ್ಟಿಯಲ್ಲಿ ಇಟ್ಟರು. ಮರಳು, ಇಟ್ಟಿಗೆ ಪುಡಿ ಬೆರೆಸಿದರು. ಬೆಲ್ಲ, ಅಳಲೆಕಾಯಿ ನೆನೆಸಿದ ನೀರು ಹಾಕಿದರು. ಗಾಣಕ್ಕೆ ಎತ್ತು ಸಿಗದೆ ರುಬ್ಬುವ ಯಂತ್ರ ಬಂತು. ಸೂರಿನ ಸಿಮೆಂಟು ಪದರ ತೆಗೆದು, ತೊಲೆಗಳ ತುಕ್ಕು ಉಜ್ಜಿ ಬಣ್ಣ ಬಳಿದು, ಹೊಸ ಗಚ್ಚು ಹಾಕಿ ಹಲಗೆಯಿಂದ ಬಡಿದರು. ಎರಡು ಕೊಠಡಿಗಳಲ್ಲಿ ತೊಲೆ ತೀರ ಸವೆದಿತ್ತು, ಆ ಸೂರನ್ನು ಪೂರ್ತಿ ಬದಲಿಸಬೇಕಾಯಿತು. ಅಲ್ಲಿ ಈಗ ಹೊಸ ಉಕ್ಕಿನ ತೊಲೆ. ನೋಡಿದರೆ ಗೊತ್ತಾಗುತ್ತದೆ, ಗೊತ್ತಾಗಲಿ ಅಂತಲೇ ಬಿಟ್ಟೆವು. ಗೋಡೆಯ ಬುಡದ ಸಿಮೆಂಟು ಕಿತ್ತು ಒಂದು ಬೇಸಿಗೆ ಸುಮ್ನೆ ಒಣಗಲು ಬಿಟ್ಟು, ಆಮೇಲೆ ಸುಣ್ಣದ ಗಿಲಾವು ಹಾಕಿದರು. ಉಪ್ಪು ಪೂರ್ತಿ ನಿಂತಿಲ್ಲ. ಕಡಿಮೆಯಾಗಿದೆ.

ಇಂಥ ಶಾಲೆ ನಿಮ್ಮೂರಲ್ಲೂ ಇದ್ದರೆ ಕೆಲವು ಮಾತು. ಶಿಥಿಲ ಅಂತ ಕಾಗದ ಬಂದರೆ ಯಾವ ಕೊಠಡಿ, ಏನು ಕಾರಣ ಅಂತ ಮೊದಲು ಬರೆಸಿಕೊಳ್ಳಿ. ವರ್ಷವನ್ನು ಒಂದು ಕಲ್ಲಿನಿಂದ ತೀರ್ಮಾನಿಸಬೇಡಿ. ಕಲ್ಲು ಒಂದು ಗೋಡೆಯ ಮಾತು ಮಾತ್ರ ಹೇಳುತ್ತದೆ, ಶಾಲೆ ಅದಕ್ಕೂ ಮೊದಲೇ ಇನ್ನೆಲ್ಲೋ ಶುರುವಾಗಿರಬಹುದು. ರಾಯಚೂರು, ಕೊಪ್ಪಳದವರು ಹಳೇ ಸರ್ಕಾರಿ ಕಾಗದ ಹುಡುಕಲು ಬೆಂಗಳೂರಿಗೆ ಹೋಗಿ ಬರಿಗೈಲಿ ಬರುವುದು ಜಾಸ್ತಿ. ನಿಜಾಮರ ಕಾಲದ ಕಡತ ನೋಡಬೇಕಾದರೆ ಹೈದರಾಬಾದಿನ ತಾರ್ನಾಕಾದ ಪತ್ರಾಗಾರಕ್ಕೆ ಹೋಗಬೇಕು. ಬಳ್ಳಾರಿಯವರಿಗೆ ಚೆನ್ನೈನ ಎಗ್ಮೋರ್. ಕೊಪ್ಪಳದವರಿಗೆ ಇನ್ನೊಂದು ತೊಡಕು, ಅದು ಸಾಲಾರ್ ಜಂಗ್ ಮನೆತನದ ಜಾಗೀರಾಗಿತ್ತು. ಹಾಗಾಗಿ ಸರ್ಕಾರದ ಕಡತದಲ್ಲಿ ಸಿಗದಿದ್ದರೆ ಜಾಗೀರಿನ ಕಾಗದಗಳನ್ನೂ ಕೇಳಿ ನೋಡಬೇಕು. ಇದಕ್ಕೆಲ್ಲ ಹೊರಡುವ ಮೊದಲು ಶಾಲೆಯ ಬೀರುವಿನ ಮೇಲೆ ಕೈಯಾಡಿಸಿ.

ಗೇಟಿನ ಬೋರ್ಡು ಬದಲಾಗಿದೆ. ಈಗ ಅದರಲ್ಲಿ ವರ್ಷ ಎರಡೂ ರೀತಿಯಲ್ಲಿದೆ, ಫಸಲಿ 1335, ಪಕ್ಕದಲ್ಲಿ 1925-26. ಶತಮಾನೋತ್ಸವ ಯಾವಾಗ ಮಾಡಬೇಕು ಅನ್ನುವ ಜಗಳ ಮಾತ್ರ ಮುಗಿದಿಲ್ಲ. ಕಟ್ಟಡದ ವರ್ಷ ಹಿಡಿಯಬೇಕೋ, ಹಿಂದಿನ ಮಾಳಿಗೆಯಲ್ಲಿ ಅದಕ್ಕೂ ಮೊದಲು ಪಾಠ ನಡೆದಿದ್ದರೆ ಆ ವರ್ಷ ಹಿಡಿಯಬೇಕೋ ಅಂತ ಹಿರಿಯರಲ್ಲೇ ಒಮ್ಮತ ಇಲ್ಲ. ಹೆಡ್‌ಮಾಸ್ಟರ್ ವರ್ಗವಾಗಿ ಹೋದರು. ಹೊಸಬರಿಗೆ ಸಂಘದವರು ಕೊಟ್ಟ ಒಂದು ಪುಟದ ಚೀಟಿಯಲ್ಲಿ ಇರುವುದು ಎರಡೇ ಕೆಲಸ: ಮೇ ಕೊನೆಯಲ್ಲಿ ಮುಂಭಾಗದ ಮಾಳಿಗೆಯ ದೋಣಿಗಳನ್ನು ಸ್ವಚ್ಛ ಮಾಡಿಸುವುದು, ಬಾಗಿಲ ಮೇಲಿನ ಕಲ್ಲಿಗೆ ಸುಣ್ಣ ಬಳಿಯದಂತೆ ನೋಡಿಕೊಳ್ಳುವುದು. ಮೊದಲನೆಯದಕ್ಕೆ ಶಾಲೆಯ ನಿರ್ವಹಣೆ ಹಣದಲ್ಲಿ ಬಾಬ್ತು ತೋರಿಸಲು ಬರುತ್ತದೋ ಇಲ್ಲವೋ ಅಂತ ಗುಮಾಸ್ತರು ಇನ್ನೂ ವಿಚಾರಿಸುತ್ತಿದ್ದಾರೆ.